ಗೇಣು ಬಿಟ್ಟು ಕೊಯ್ದ ಗಿಡ

ಮನೋಳಿಯ ಸೇತುವೆ ಮೇಲೆ ಮಲಪ್ರಭೆ ದಾಟಿ ಸವದತ್ತಿ ಕಡೆ ಹೊರಟರೆ ನೆಲದ ಬಣ್ಣ ಬಲು ಬೇಗ ಬದಲಾಗುತ್ತದೆ. ಹೊಳೆಸಾಲಿನ ಎರಿ ಮುಗಿದು ಮಸಾರಿ, ಮಸಾರಿ ಮುಗಿದು ಗರಸು, ಗರಸಿನಾಚೆ ಕೆಂಪು ಮರಳುಗಲ್ಲಿನ ಗುಡ್ಡಸಾಲು. ಆ ಗುಡ್ಡವನ್ನು ಸೀಳಿಕೊಂಡೇ ಹೊಳೆ ನವಿಲುತೀರ್ಥದಲ್ಲಿ ನಮ್ಮ ಕಡೆ ಇಳಿದು ಬರುತ್ತದೆ. ಮಳೆ ಅಷ್ಟಕ್ಕಷ್ಟೆ, ವರ್ಷಕ್ಕೆ 600 ಮಿಲಿಮೀಟರಿನ ಆಸುಪಾಸು. ನಾನು ಸಣ್ಣವಳಿದ್ದಾಗ, ಅಂದರೆ 1960ರ ದಶಕದಲ್ಲಿ, ಆ ಗರಸಿನ ತುಂಬ ತಂಗಡಿ ಇತ್ತು. ಅವರಿಕೆ, ಹೊನ್ನಾವರಿಕೆ ಎಂದೂ ಕರೆಯುತ್ತಾರೆ. ಯಾರೂ ಬಿತ್ತಿದ್ದಲ್ಲ, ಯಾರೂ ನೀರುಣಿಸಿದ್ದಲ್ಲ. ಎದೆಮಟ್ಟ ಬೆಳೆದ ಪೊದೆ, ನಡುಕಡ್ಡಿಯ ಎರಡೂ ಬದಿಗೆ ಜೋಡಿಜೋಡಿ ಎಲೆ, ತುದಿಯಲ್ಲಿ ಗೊಂಚಲುಗಟ್ಟಿದ ಹಳದಿ ಹೂ. ಮುಂಗಾರಿಗೆ ಚಿಗುರಿ ಹೂ ಹಿಡಿದರೆ ಬನದ ಹುಣ್ಣಿಮೆ ದಾಟುವ ತನಕ ಅದಕ್ಕೆ ಬಿಡುವಿಲ್ಲ. ಆಡು ಕುರಿ ಬಾಯಿ ಹಾಕುವುದಿಲ್ಲವಾದ್ದರಿಂದ ಬ್ಯಾಸಗಿಯಲ್ಲಿ ಉಳಿದದ್ದೆಲ್ಲ ಬೋಳಾದಾಗಲೂ ತಂಗಡಿ ಹಸಿರಾಗಿ ನಿಂತಿರುತ್ತಿತ್ತು.

ಈಗ ಆ ದಾರಿಯಲ್ಲಿ ತಂಗಡಿ ಹುಡುಕಿ ನೋಡಬೇಕು. ಇದ್ದಾಗ ಅದನ್ನು ಯಾರು ಯಾರು ಬಲ್ಲವರಾಗಿದ್ದರು, ಅವರು ಹೋದ ಮೇಲೆ ಗಿಡವೂ ಹೇಗೆ ಹೋಯಿತು ಎಂಬುದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಅದನ್ನು ಬರೆದಿಡಬೇಕೆಂದು ಬಹಳ ದಿನದಿಂದ ಅಂದುಕೊಂಡಿದ್ದೆ.

ನಮ್ಮ ಮನೆಯಲ್ಲಿ ತಂಗಡಿಗೆ ಒಂದು ದಿನ ಮೀಸಲಿತ್ತು. ದೀಪಾವಳಿಯ ಪಾಡ್ಯದ ನಸುಕಿನಲ್ಲಿ ಅಜ್ಜಿ ಸಗಣಿಯಿಂದ ಪಾಂಡವರನ್ನು ಮಾಡಿ ತಲಬಾಗಿಲಿಗೆ, ದನದ ಗ್ವಾದಲಿಗೆ, ಹಿತ್ತಲ ಬಾಗಿಲಿಗೆ ಇಡುತ್ತಿದ್ದಳು. ಒಂದೊಂದರ ನೆತ್ತಿಗೂ ಉತ್ತರಾಣಿ ಕಡ್ಡಿ, ಚೆಂಡುಹೂ, ತಂಗಡಿ ಹೂ ಚುಚ್ಚಬೇಕು. ಚೆಂಡುಹೂ ಹಿತ್ತಲಲ್ಲೇ ಇತ್ತು, ತಂಗಡಿ ತರುವುದು ಮಕ್ಕಳ ಕೆಲಸ. ಹಿಂದಿನ ದಿನ ಹೊತ್ತು ಮುಳುಗುವುದರೊಳಗೆ ತರಬೇಕೆಂದು ಅಜ್ಜಿಯ ಕಟ್ಟಳೆ. ಸಂಜೆಯಾದರೆ ತಂಗಡಿಯ ಎಲೆ ಜೋಡಿಜೋಡಿಯಾಗಿ ಮಡಚಿಕೊಂಡು ಮಲಗುತ್ತವೆ. ಮಲಗಿದ ಗಿಡವನ್ನು ಎಬ್ಬಿಸಿ ಹೂ ಹರಿಯಬಾರದು ಎಂದು ಅವಳ ನಂಬಿಕೆ. ಹಬ್ಬ ಮುಗಿದ ಮೇಲೆ ಆ ಸಗಣಿಯನ್ನೇ ಕುಳ್ಳು ತಟ್ಟುತ್ತಿದ್ದಳು. ಬ್ಯಾಸಗಿಯಲ್ಲಿ ಹೊಲಕ್ಕೆ ಹೊರಟ ಅಪ್ಪನ ರುಮಾಲಿನೊಳಗೆ ತಲೆ ತಂಪಾಗಿರಲೆಂದು ತಂಗಡಿ ಸೊಪ್ಪು ಇಟ್ಟು ಕಳಿಸುತ್ತಿದ್ದವಳೂ ಅವಳೇ.

ಆದರೆ ತಂಗಡಿಯನ್ನು ನಮ್ಮ ಮನೆಯವರಿಗಿಂತ ಚೆನ್ನಾಗಿ ಬಲ್ಲವರು ಊರ ಹೊರಗಿನ ಓಣಿಯ ಡೋರರು. ತೊಗಲು ಹದ ಮಾಡುವುದು ಅವರ ಕಾಯಕ. ಬಾವಿಯಿಂದ ನೀರೆತ್ತುವ ಮಟ್ಟಿ, ನೊಗಕ್ಕೆ ಕಟ್ಟುವ ಮಿಣಿ, ಬಾರಕೋಲು, ಕಾಲ್ಮರಿ, ಇವೆಲ್ಲಕ್ಕೂ ಬೇಕಾದ ತೊಗಲು ಅವರ ಕುಣಿಯಿಂದಲೇ ಬರಬೇಕಿತ್ತು. ಅವರ ಕೈಯ ತೊಗಲು ಇಲ್ಲದೆ ಊರಿನ ಒಂದು ಹೊಲವೂ ನೀರು ಕಾಣುತ್ತಿರಲಿಲ್ಲ. ಆದರೂ ಅವರು ನಮ್ಮ ಓಣಿಯೊಳಗೆ ಬರುವಂತಿರಲಿಲ್ಲ, ನಮ್ಮ ಓಣಿಯ ಮಕ್ಕಳು ಅವರ ಕಡೆ ಹೋಗುವಂತಿರಲಿಲ್ಲ. ಇಂಥ ಊರಲ್ಲಿ ಹುಟ್ಟಿ ಬೆಳೆದೆನೆಂಬುದು ಈಗಲೂ ಎದೆಯಲ್ಲಿ ಮುಳ್ಳಾಗಿ ಉಳಿದಿದೆ. ಇದೇ ಬೆಳಗಾವಿ ಜಿಲ್ಲೆಯ ಖಾನಾಪುರ ತಾಲೂಕಿನ ಕಕ್ಕೇರಿಯಲ್ಲಿ ಡೋಹರ ಕಕ್ಕಯ್ಯನ ಸಮಾಧಿ ಇದೆ. ತೊಗಲು ಹದ ಮಾಡುತ್ತಿದ್ದ ಆ ಶರಣನನ್ನು ಹನ್ನೆರಡನೆಯ ಶತಮಾನದಲ್ಲೇ ಕಲ್ಯಾಣ ತನ್ನವನೆಂದು ಅಪ್ಪಿಕೊಂಡಿತ್ತು. ಎಂಟು ನೂರು ವರ್ಷದ ಮೇಲೂ ಮನೋಳಿಯ ಓಣಿಗಳು ಬೇರೆ ಬೇರೆಯಾಗೇ ಇದ್ದವು.

ಗುಡ್ಡದ ದಾರಿಯಲ್ಲಿ ಮಾತ್ರ ಓಣಿಗಳ ಗೆರೆ ಇರಲಿಲ್ಲ. ಆ ಓಣಿಯ ಒಬ್ಬ ಅಜ್ಜನನ್ನು ನಾನು ಅಲ್ಲೇ ಕಾಣುತ್ತಿದ್ದೆ. ಕುಡಗೋಲು ಹಿಡಿದು ಕುಕ್ಕರಗಾಲಲ್ಲಿ ಕೂತು ತಂಗಡಿಯ ಬಲಿತ ಬರಲುಗಳನ್ನಷ್ಟೇ ಆರಿಸಿ ಕೊಯ್ಯುತ್ತಿದ್ದ. ಎಳೆಯದನ್ನು ಮುಟ್ಟುತ್ತಿರಲಿಲ್ಲ. ಕೊಯ್ದದ್ದನ್ನು ಕಲ್ಲಿನ ಮೇಲಿಟ್ಟು ಮರದ ಕೊಡತಿಯಿಂದ ಮೆಲ್ಲಗೆ ಕುಟ್ಟಿದರೆ ತೊಗಟೆ ಸಡಿಲಾಗಿ ಉದ್ದಕ್ಕೆ ಸುಲಿದು ಬರುತ್ತಿತ್ತು. ಒಳಮೈ ಬೆಳ್ಳಗೆ ಹಸಿಯಾಗಿರುತ್ತಿತ್ತು, ನೋಡನೋಡುತ್ತ ಕಂದುತ್ತಿತ್ತು. ನಾವು ಹೂ ಹರಿಯುವ ಭರದಲ್ಲಿ ಒಂದು ಗಿಡವನ್ನು ಬುಡಸಮೇತ ಜಗ್ಗುತ್ತಿದ್ದಾಗ ಅವನು ಎದ್ದು ಬಂದ. ಬೈಯಲಿಲ್ಲ. “ಬೇರಿಗೆ ಕೈ ಹಾಕಬ್ಯಾಡ್ರಿ ಯವ್ವಾ. ಗೇಣು ಬಿಟ್ಟು ಕೊಯ್ರಿ, ಮುಂದಿನ ಮಳಿಗೆ ನಾಕು ಟಿಸಿಲು ಒಡೀತೈತಿ. ನನಗೂ ಆತು, ನಿಮಗೂ ಆತು” ಅಂದ. ಗೇಣು ಎಂದರೆ ಎಷ್ಟು ಎಂದು ತನ್ನ ಕೈಯನ್ನೇ ಬುಡಕ್ಕೆ ಚಾಚಿ ತೋರಿಸಿದ. ಸುಣ್ಣದ ನೀರಿಗೆ ಬಿರಿದ ಆ ಬೆರಳುಗಳು ನನಗೆ ಇಂದಿಗೂ ನೆನಪಿವೆ.

ಆ ತೊಗಟೆಯಿಂದ ಏನು ಮಾಡುತ್ತಿದ್ದರೆಂದು ನಾನು ತಿಳಿದುಕೊಂಡದ್ದು ಬಹಳ ವರ್ಷಗಳ ಮೇಲೆ, ನಾನು ಟೀಚರಾದಾಗ, ಆ ಓಣಿಯಿಂದ ನನ್ನ ತರಗತಿಗೆ ಬಂದ ಹುಡುಗನೊಬ್ಬನ ಮನೆಗೆ ಹೋದಾಗ. ಹಸಿ ತೊಗಲನ್ನು ಸುಣ್ಣದ ಕುಣಿಯಲ್ಲಿ ನೆನೆಸಿ ಕೂದಲು ಹೆರೆದು, ತೊಳೆದು, ಚೀಲದ ಹಾಗೆ ಹೊಲಿದು ತೂಗಹಾಕುತ್ತಿದ್ದರು. ಒಳಗೆ ತೊಗಟೆಯ ಚೂರು, ನೀರು. ನೀರು ತೊಗಲಿನ ಮೂಲಕ ಇಳಿದು ಕೆಳಗಿನ ಪಾತ್ರೆಗೆ ತೊಟ್ಟಿಕ್ಕುತ್ತಿತ್ತು, ಅದನ್ನೇ ಮತ್ತೆ ಮೇಲಕ್ಕೆ ಸುರಿಯುತ್ತಿದ್ದರು. ದಿನಗಟ್ಟಲೆ ಇದೇ ಕೆಲಸ. ತೊಗಟೆಯ ಒಗರಿನಲ್ಲಿ ಟ್ಯಾನಿನ್ ಇರುತ್ತದೆ. ಅದು ತೊಗಲಿನ ಪ್ರೋಟೀನಿಗೆ ಕಚ್ಚಿಕೊಂಡರೆ ತೊಗಲು ಕೊಳೆಯುವುದಿಲ್ಲ, ನೀರು ಕುಡಿದು ಮೆತ್ತಗಾಗುವುದಿಲ್ಲ. ತಂಗಡಿಯಲ್ಲಿ ಹದವಾದ ತೊಗಲಿನ ಬಣ್ಣ ತಿಳಿ, ಆದರೆ ಬಿಸಿಲಿಗೆ ಬಿದ್ದರೆ ಕೆಂಪೇರುತ್ತದೆ. ಹಾಗಾಗದಿರಲೆಂದು ಕೊನೆಗೆ ಅಳಲೆಕಾಯಿ ನೀರಿನಲ್ಲಿ ಅದ್ದಿ ತೆಗೆಯುತ್ತಿದ್ದರು. ಜಾಲಿ ತೊಗಟೆಯೂ ಈ ಕೆಲಸಕ್ಕೆ ಬರುತ್ತಿತ್ತು. ಎರಡರಲ್ಲಿ ತಂಗಡಿಯದೇ ಮೃದು ಎಂದು ಹುಡುಗನ ತಾಯಿ ಹೇಳಿದಳು.

ಇದು ನಮ್ಮೂರಿನ ಕಥೆ ಮಾತ್ರವಲ್ಲ. ಮದ್ರಾಸ್ ಪ್ರಾಂತದ ಇಡೀ ಚರ್ಮೋದ್ಯಮ ಒಂದು ಕಾಲಕ್ಕೆ ತಂಗಡಿ ತೊಗಟೆಯ ಮೇಲೆ ನಿಂತಿತ್ತು. ಅಲ್ಲಿ ಹದವಾದ ತೊಗಲು ಹಡಗು ಹತ್ತಿ ಲಂಡನ್ನಿನ ಮಾರುಕಟ್ಟೆ ಮುಟ್ಟುತ್ತಿತ್ತು. ಇಂಗ್ಲಿಷರು ಈ ಗಿಡಕ್ಕೆ ಹದಗಾರರ ಹೆಸರನ್ನೇ ಇಟ್ಟು ಟ್ಯಾನರ್ಸ್ ಕ್ಯಾಸಿಯಾ ಎಂದು ಕರೆದರು. ಇಪ್ಪತ್ತನೆಯ ಶತಮಾನದಲ್ಲಿ ದಕ್ಷಿಣ ಆಫ್ರಿಕದಿಂದ ವ್ಯಾಟಲ್ ತೊಗಟೆ ಬಂತು, ಕ್ರೋಮಿಯಂ ಉಪ್ಪಿನ ಹದ ಬಂತು, ತಂಗಡಿಯನ್ನು ಕೇಳುವವರು ಕಡಿಮೆಯಾದರು. ಹಳ್ಳಿಯ ಕುಣಿಗಳು ಇನ್ನಷ್ಟು ಕಾಲ ನಡೆದವು. ಬಾವಿಗೆ ಪಂಪು ಬಂದು ಮಟ್ಟಿ ಮೂಲೆ ಸೇರಿದ ಮೇಲೆ, ರಬ್ಬರಿನ ಚಪ್ಪಲಿ ಸಂತೆಗೆ ಬಂದ ಮೇಲೆ ಅವೂ ಒಣಗಿದವು. ಆ ಓಣಿಯ ಮಕ್ಕಳು ಓದಿ ನೌಕರಿ ಹಿಡಿದರು. ಅದಕ್ಕೆ ನನ್ನಷ್ಟು ಸಂತೋಷಪಟ್ಟವರು ಕಡಿಮೆ. ಗಿಡದ ಜ್ಞಾನ ಮಾತ್ರ ಆ ಅಜ್ಜನ ತಲೆಮಾರಿನ ಜೊತೆ ಹೋಯಿತು.

ಧಾರವಾಡದಲ್ಲಿ ಬಿ.ಎಸ್ಸಿ. ಓದುವಾಗ ತಂಗಡಿ ನನಗೆ ಮತ್ತೊಮ್ಮೆ ಸಿಕ್ಕಿತು, ಈ ಸಲ ಸೂಕ್ಷ್ಮದರ್ಶಕದ ಕೆಳಗೆ. ಆಗ ಪುಸ್ತಕದಲ್ಲಿ ಅದರ ಹೆಸರು ಕ್ಯಾಸಿಯಾ ಆರಿಕ್ಯುಲೇಟ. 1982ರಲ್ಲಿ ಕ್ಯಾಸಿಯಾ ಬಳಗವನ್ನು ಒಡೆದು ಹೊಸದಾಗಿ ಜೋಡಿಸಿದ ಮೇಲೆ ಸೆನ್ನಾ ಆರಿಕ್ಯುಲೇಟ ಎಂಬ ಹೆಸರು ನೆಲೆನಿಂತಿತು. ಎಲೆತೊಟ್ಟಿನ ಬುಡದಲ್ಲಿ ಕಿವಿಯಾಕಾರದ ಎರಡು ದೊಡ್ಡ ಪುಚ್ಛಪತ್ರ ಇರುತ್ತವೆ, ಒಮ್ಮೆ ನೋಡಿದರೆ ಗಿಡವನ್ನು ಇನ್ನೆಂದೂ ಮರೆಯುವುದಿಲ್ಲ. ಒಂದೊಂದು ಜೋಡಿ ಎಲೆಯ ನಡುವೆಯೂ ಕಡ್ಡಿಯಂಥ ಒಂದು ಗ್ರಂಥಿ ಎದ್ದು ನಿಂತಿರುತ್ತದೆ. ಅದರಿಂದ ಸಿಹಿರಸ ಒಸರುತ್ತದೆ, ಇರುವೆ ಅದಕ್ಕಾಗಿಯೇ ಗಿಡ ಹತ್ತಿ ಇಳಿಯುತ್ತಿರುತ್ತವೆ.

ಹೂವಿನೊಳಗೆ ಮಾತ್ರ ಒಂದು ಹನಿ ಮಕರಂದವಿಲ್ಲ. ಇದು ನನಗೆ ಆಗ ಬಹಳ ಆಶ್ಚರ್ಯದ ಸಂಗತಿ. ಇಷ್ಟು ಹೂ ಬಿಟ್ಟು, ಇಷ್ಟು ದುಂಬಿ ಕರೆಸಿಕೊಳ್ಳುವ ಗಿಡ ಕೊಡುವುದು ಬರೀ ಪರಾಗ. ಅದನ್ನೂ ಸುಮ್ಮನೆ ಕೊಡುವುದಿಲ್ಲ. ಹತ್ತು ಕೇಸರಗಳಲ್ಲಿ ಮೇಲಿನ ಮೂರು ಬಂಜೆ. ಉಳಿದವುಗಳ ಪರಾಗಚೀಲ ಬೇರೆ ಹೂಗಳಲ್ಲಿ ಇರುವಂತೆ ಉದ್ದಕ್ಕೆ ಬಿರಿಯುವುದಿಲ್ಲ, ತುದಿಯಲ್ಲಿ ಸಣ್ಣ ರಂಧ್ರವೊಂದೇ. ನಡುವಿನ ಕೇಸರಗಳು ಗಿಡ್ಡ, ಕೆಳಗಿನವು ಉದ್ದ, ಕೊಕ್ಕಿನಂತೆ ಬಾಗಿದವು. ಕಪ್ಪು ಮೈಯ, ನೀಲಿ ಮಿಂಚಿನ ರೆಕ್ಕೆಯ ಬಡಗಿ ದುಂಬಿ ಬಂದು ನಡುವಿನ ಕೇಸರಗಳನ್ನು ತಬ್ಬಿ ಹಿಡಿಯುತ್ತದೆ. ರೆಕ್ಕೆ ಬಡಿಯದೆ, ಹಾರಲು ಬಳಸುವ ಎದೆಯ ಸ್ನಾಯುಗಳನ್ನೇ ಅದುರಿಸುತ್ತದೆ. ಆ ಅದುರಿಗೆ ಪರಾಗ ರಂಧ್ರದಿಂದ ಚಿಮ್ಮುತ್ತದೆ. ಚಿಕ್ಕ ಕೇಸರಗಳದ್ದು ದುಂಬಿಯ ಊಟಕ್ಕೆ. ಉದ್ದ ಕೇಸರಗಳದ್ದು ಅದರ ಮೈಗೆ ಅಂಟಿ ಮುಂದಿನ ಹೂವಿನ ಶಲಾಕೆಗೆ ತಲುಪುತ್ತದೆ. ಜೇನುಹುಳಕ್ಕೆ ಹೀಗೆ ಅದುರಿಸಲು ಬರುವುದಿಲ್ಲ. ದುಂಬಿ ಚೆಲ್ಲಿ ಹೋದದ್ದನ್ನು ಆಯ್ದುಕೊಳ್ಳಲು ಅವು ಆಮೇಲೆ ಬರುತ್ತವೆ.

ಮುಂದೆ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವಾಗ ಇದನ್ನು ಮಕ್ಕಳಿಗೆ ಕೈಯಾರೆ ತೋರಿಸುತ್ತಿದ್ದೆ. ಬೆಳಗಿನ ಹೊತ್ತು ಹೂವಿನ ಗೊಂಚಲೊಂದನ್ನು ತಂದು, ಕೆಳಗೆ ಕರಿಯ ಕಾಗದ ಹಿಡಿದು, ಭೌತಶಾಸ್ತ್ರದ ಪೆಟ್ಟಿಗೆಯ ಶ್ರುತಿಕವಲನ್ನು ಮಂಡಿಗೆ ಬಡಿದು ಮೆಲ್ಲಗೆ ಕೇಸರಕ್ಕೆ ತಾಗಿಸುವುದು. ಸುಮ್ಮನೆ ಬೆರಳಿನಿಂದ ತಟ್ಟಿದರೆ ಏನೂ ಉದುರುವುದಿಲ್ಲ. ನಾದ ತಾಗಿದ ಕ್ಷಣ ಹಳದಿ ಹುಡಿ ಕಾಗದದ ಮೇಲೆ ಚೆಲ್ಲುತ್ತದೆ. ತರಗತಿಯ ಅಷ್ಟೂ ಮಕ್ಕಳು ಉಸಿರು ಬಿಗಿಹಿಡಿದು ಬಗ್ಗಿ ನೋಡುತ್ತಿದ್ದವು. ನನ್ನ ಮಾಸ್ತರಿಕೆಯಲ್ಲಿ ಇದಕ್ಕಿಂತ ಚೆಂದದ ಪಾಠ ನಾನು ಮಾಡಿಲ್ಲ.

ಸವದತ್ತಿಯ ಎಲ್ಲಮ್ಮನ ಜಾತ್ರೆಯ ಕಾಲಕ್ಕೆ ಗೋಕಾಕ, ಚಿಕ್ಕೋಡಿ ಕಡೆಯ ಚಕ್ಕಡಿಗಳು ಯರಗಟ್ಟಿ ಮೇಲೆ ಮನೋಳಿಗೆ ಬಂದು, ಹೊಳೆ ದಾಟಿ ಗುಡ್ಡದ ದಾರಿ ಹಿಡಿಯುತ್ತಿದ್ದವು. ಬನದ ಹುಣ್ಣಿಮೆಗೆ ತಂಗಡಿಯ ಕೊನೆಯ ಹೂ ಇನ್ನೂ ಇರುತ್ತಿದ್ದವು. ಎತ್ತಿನ ಹಣೆಗೆ, ಕೊಡದ ಬಾಯಿಗೆ, ಹೆಂಗಸರ ಕೆನ್ನೆಗೆ ಭಂಡಾರ. ದಾರಿಯ ಎರಡೂ ಬದಿಗೆ ತಂಗಡಿ. ಉಧೋ ಉಧೋ ಎನ್ನುತ್ತ ಹಳದಿಯೊಳಗೇ ನಡೆದು ಹೋಗುತ್ತಿದ್ದ ಆ ಜನವನ್ನು ನೋಡುತ್ತ ನಾವು ಸೇತುವೆಯ ಮೇಲೆ ನಿಂತುಬಿಡುತ್ತಿದ್ದೆವು. ತೆಲಂಗಾಣದವರು 2014ರಲ್ಲಿ ರಾಜ್ಯ ಕಟ್ಟಿಕೊಂಡಾಗ ತಂಗಡಿಯನ್ನೇ ನಾಡಹೂವೆಂದು ಆರಿಸಿಕೊಂಡರು. ಅವರ ಬತುಕಮ್ಮ ಹಬ್ಬದಲ್ಲಿ ಹೂವಿನ ಗೋಪುರಕ್ಕೆ ಅದು ಬೇಕೇ ಬೇಕು. ಆ ಸುದ್ದಿ ಓದಿದ ದಿನ ನನಗೆ ಎದೆ ತುಂಬಿ ಬಂತು, ಜೊತೆಗೆ ನಮ್ಮ ಕಡೆಯವರು ಇದನ್ನು ಯಾಕೆ ಹೀಗೆ ಕೈಬಿಟ್ಟೆವು ಎಂಬ ಸಂಕಟವೂ ಆಯಿತು.

ಕೈಬಿಟ್ಟದ್ದು ಒಂದೇ ದಿನದಲ್ಲಲ್ಲ. 1970ರ ದಶಕದ ಆರಂಭಕ್ಕೆ ನವಿಲುತೀರ್ಥದ ಆಣೆಕಟ್ಟು ಎದ್ದು ನಿಂತಿತು. ಕಾಲುವೆ ನೀರು ಹರಿದಲ್ಲಿ ಜೋಳ, ಹತ್ತಿಯ ಜಾಗಕ್ಕೆ ಗೋಂಜಾಳ, ಕಬ್ಬು ಬಂದವು. ನೀರು ಬಂದ ಹೊಲಕ್ಕೆ ಬೆಲೆ ಏರಿತು, ಬೆಲೆ ಏರಿದ ಹೊಲದಲ್ಲಿ ಬದುವಿಗೆ ಜಾಗ ಉಳಿಯಲಿಲ್ಲ. ಎತ್ತಿನ ಕುಂಟಿ ತಿರುಗಲು ಬಿಟ್ಟ ಮೂಲೆ, ಎರಡು ಹೊಲದ ನಡುವಿನ ಒಡ್ಡು, ಹಳ್ಳದ ದಂಡೆ, ಇವೇ ತಂಗಡಿಯ ಊರು. ಟ್ರ್ಯಾಕ್ಟರು ಅವನ್ನೆಲ್ಲ ಹೊಲದೊಳಗೆ ಸೇರಿಸಿತು. ಉಳಿದ ಗರಸಿಗೆ ಬಳ್ಳಾರಿ ಜಾಲಿ ಹೊಕ್ಕಿತು. ಅಮೆರಿಕ ಖಂಡದಿಂದ ಹತ್ತೊಂಬತ್ತನೆಯ ಶತಮಾನದಲ್ಲಿ ಈ ದೇಶಕ್ಕೆ ತಂದ ಗಿಡ ಅದು. ಅದರ ಸಿಹಿ ಕಾಯನ್ನು ಆಡು ತಿಂದು ಹೋದಲ್ಲೆಲ್ಲ ಬೀಜ ಹಾಕುತ್ತದೆ. ತಂಗಡಿಯನ್ನು ಮುಟ್ಟದೆ ಬಿಟ್ಟು ಉಳಿಸಿದ ಆಡೇ ತಂಗಡಿಯ ನೆಲಕ್ಕೆ ಜಾಲಿಯನ್ನೂ ಬಿತ್ತಿತು. ಕೊನೆಗೆ ರಸ್ತೆ ಅಗಲವಾಯಿತು, ದಂಡೆಯ ಮೇಲಿದ್ದಷ್ಟನ್ನೂ ಯಂತ್ರದ ಹಲ್ಲು ಬೇರುಸಹಿತ ಎತ್ತಿ ಹಾಕಿತು.

ನನಗೆ ಮತ್ತೆ ಮತ್ತೆ ನೆನಪಾಗುವುದು ಆ ಅಜ್ಜ ಬುಡಕ್ಕೆ ಚಾಚಿದ ಗೇಣು. ತಂಗಡಿಯಿಂದ ತೆಗೆದುಕೊಂಡವರು ಬಹಳ ಮಂದಿ. ಡೋರರು ತೊಗಟೆ ತೆಗೆದರು, ನಾವು ಹೂ ಹರಿದೆವು, ದುಂಬಿ ಪರಾಗ ಒಯ್ದಿತು, ಹುಳ ಎಲೆ ತಿಂದಿತು. ಅಜ್ಜ ತಿಳಿಹೇಳಿದ ಮೇಲೆ ನಾವೂ ಸೇರಿ ಇವರಲ್ಲಿ ಒಬ್ಬರೂ ಬೇರಿಗೆ ಕೈ ಹಾಕಲಿಲ್ಲ, ಯಾಕೆಂದರೆ ಎಲ್ಲರಿಗೂ ಮುಂದಿನ ವರ್ಷವೂ ಗಿಡ ಬೇಕಿತ್ತು. ಬೇರು ಕಿತ್ತವರಿಗೆ ಗಿಡದಿಂದ ಏನೂ ಬೇಕಿರಲಿಲ್ಲ. ಯುದ್ಧವಾದರೆ ಚರಿತ್ರೆ ಬರೆದಿಡುತ್ತದೆ. ಮನೋಳಿಯ ಎದುರು ದಂಡೆಯಲ್ಲಿ 1800ರ ಜುಲೈ ಕೊನೆಗೆ ಇಂಗ್ಲಿಷರ ಆರ್ಥರ್ ವೆಲ್ಲೆಸ್ಲಿಯ ಸೈನ್ಯ ಧೋಂಡಿಯಾ ವಾಘನ ಪಾಳೆಯದ ಮೇಲೆ ಬಿದ್ದು ಜನರನ್ನು ತುಂಬಿದ ಹೊಳೆಗೆ ನೂಕಿದ್ದು ಚರಿತ್ರೆಯ ಪುಟದಲ್ಲಿ ದಿನಾಂಕ ಸಹಿತ ದಾಖಲಾಗಿದೆ. ಅದೇ ದಂಡೆಯಿಂದ ಒಂದು ಗಿಡ ಹೋದದ್ದನ್ನು ಯಾರು ಬರೆದರು?

2019ರ ಆಗಸ್ಟಿನ ಮಹಾಪೂರದಲ್ಲಿ ಹೊಳೆ ನಮ್ಮ ಹಳೆಯ ಮನೆಯೊಳಗೆ ಬಂತು. ನೀರು ಇಳಿದ ಮೇಲೆ ಗೋಡೆ ನಂಬುವಂತಿರಲಿಲ್ಲ. ನಾನು ಅಷ್ಟೊತ್ತಿಗೆ ನಿವೃತ್ತಳಾಗಿದ್ದೆ. ಹೊಳೆಗೆ ದೂರವಾಗಿ, ಎತ್ತರದ ಗರಸಿನಲ್ಲಿ ಸಣ್ಣ ಮನೆ ಕಟ್ಟಿಸಿದೆವು. ಮನೆಯ ಸುತ್ತ ಏನು ಹಚ್ಚಬೇಕೆಂಬ ಮಾತು ಬಂದಾಗ ಮಗ ನರ್ಸರಿಗೆ ಕರೆದೊಯ್ದ. ಗಂಟೆಯಾಕಾರದ ಹಳದಿ ಹೂವಿನ ಟೆಕೋಮ, ಬಣ್ಣಬಣ್ಣದ ಎಲೆಯ ಕ್ರೋಟನ್, ಕಾಗದದ ಹೂವಿನ ಗಿಡ, ಎಲ್ಲ ಸಾಲಾಗಿ ಇದ್ದವು. ತಂಗಡಿ ಇರಲಿಲ್ಲ. ಅದನ್ನು ಯಾರೂ ಕೇಳುವುದಿಲ್ಲ, ಅದು ಅಡವಿಯದು ಎಂದರು. ಆ ಮಾತು ನನಗೆ ಬಹಳ ನಾಟಿತು. ಅಡವಿಯೇ ಇಲ್ಲದಾಗ ಅಡವಿಯ ಗಿಡ ಎಲ್ಲಿಗೆ ಹೋಗಬೇಕು? ನವಿಲುತೀರ್ಥದ ಹಿಂದಿನ ಗುಡ್ಡದಲ್ಲಿ ಅಲ್ಲಿಷ್ಟು ಇಲ್ಲಿಷ್ಟು ಉಳಿದ ಪೊದೆಗಳಿಂದ ಒಣಗಿದ ಕಾಯಿ ತಂದು ಬೀಜ ಬಿಡಿಸಿ ಮನೆಯ ಸುತ್ತ ಊರಿದೆ.

ಸಸಿ ಮೊದಲ ವರ್ಷ ಮೇಲೆ ಬೆಳೆದದ್ದು ಕಡಿಮೆ. ಕೆಳಗೆ ತಾಯಿಬೇರು ಇಳಿಸುತ್ತಿತ್ತು. ಎರಡನೆಯ ಮಳೆಗಾಲಕ್ಕೆ ಸೊಂಟಮಟ್ಟ ಬಂದು ಹೂ ಬಿಟ್ಟಿತು. ಹೂವಿಗಿಂತ ಮೊದಲೇ ಚಿಟ್ಟೆ ಬಂದವು.

ಹಸಿರು ಬೆರೆತ ಬಿಳಿ ರೆಕ್ಕೆಯ ವಲಸೆ ಚಿಟ್ಟೆ ಅದು, ಕ್ಯಾಟೊಪ್ಸಿಲಿಯಾ ಬಳಗದ್ದು. ಮಳೆಯ ಹಿಂದುಮುಂದಿನ ತಿಂಗಳುಗಳಲ್ಲಿ ಗುಂಪುಗುಂಪಾಗಿ ಹಾರುವುದನ್ನು ಎಲ್ಲರೂ ನೋಡಿರುತ್ತೀರಿ. ಅದು ತನ್ನ ಮೊಟ್ಟೆ ಇಡುವುದು ಹೆಚ್ಚಾಗಿ ತಂಗಡಿ ಮತ್ತು ಅದರ ನೆಂಟರ ಎಲೆ ಮೇಲೆ. ಹೆಣ್ಣು ಚಿಟ್ಟೆ ಗಿಡದ ಸುತ್ತ 
ತೇಲುತ್ತ, ಒಂದೊಂದೇ ಎಲೆಯನ್ನು ಕಾಲಿನಿಂದ ಮುಟ್ಟಿ ರುಚಿ ನೋಡಿ, ಎಳೆಯದಾದರೆ ಹೊಟ್ಟೆ ಬಾಗಿಸಿ ಒಂದೇ ಒಂದು ಮೊಟ್ಟೆ ಇಟ್ಟು ಮೇಲೇಳುತ್ತದೆ. ಎರಡು ತುದಿಯೂ ಮೊನಚಾದ, ಅಕ್ಕಿಯ ನುಚ್ಚಿಗಿಂತ ದೊಡ್ಡದಲ್ಲದ ಬಿಳಿ ಮೊಟ್ಟೆ. ಕೆಲವೇ ದಿನಕ್ಕೆ ಹಸಿರು ಹುಳ ಹೊರಬಂದು ಮೊದಲು ಮೊಟ್ಟೆಯ ಸಿಪ್ಪೆಯನ್ನೇ ತಿನ್ನುತ್ತದೆ, ಆಮೇಲೆ ಎಲೆ. ಪಕ್ಕೆಯುದ್ದಕ್ಕೂ ಬಿಳಿ ಗೆರೆ, ಅದರ ಮೇಲೆ ಕರಿಯ ಚುಕ್ಕಿಗಳ ಸಾಲು. ಎಲೆಯ ನಡುಕಡ್ಡಿಯ ಮೇಲೆ ಚಾಚಿ ಮಲಗಿದರೆ ಕಣ್ಣಿಗೆ ಸಿಗುವುದಿಲ್ಲ. ಬೆಳೆದ ಹುಳ ಕಡ್ಡಿಗೆ ರೇಷ್ಮೆಯ ನಡುಕಟ್ಟು ಬಿಗಿದುಕೊಂಡು ಕೋಶವಾಗುತ್ತದೆ. ಕೋಶವೂ ಎಲೆಹಸಿರು, ಮೂತಿ ಚೂಪು. ಒಳಗೆ ರೆಕ್ಕೆಯ ಬಣ್ಣ ಮೂಡಿದ ಮರುಬೆಳಗ್ಗೆ ಅದು ಒಡೆದು, ಮುದ್ದೆಯಾದ ರೆಕ್ಕೆಯ ಚಿಟ್ಟೆ ಹೊರಬಂದು ಕೋಶಕ್ಕೇ ಜೋತು ಬೀಳುತ್ತದೆ, ರೆಕ್ಕೆ ನೆಟ್ಟಗಾಗುವ ತನಕ ಅಲ್ಲಾಡುವುದಿಲ್ಲ. ಮೊಟ್ಟೆಯಿಂದ ಇಲ್ಲಿಗೆ ಸುಮಾರು ಮೂರು ವಾರ. ಸಣ್ಣ ಹಳದಿ ಹುಲ್ಲುಚಿಟ್ಟೆಯೂ ಇದೇ ಗಿಡಕ್ಕೆ ಮೊಟ್ಟೆ ಇಡುತ್ತದೆ.

ಇದೆಲ್ಲ ನಡೆಯಬೇಕಾದರೆ ಎಲೆ ತೂತಾಗಲೇಬೇಕು. ನೆರೆಮನೆಯಾಕೆ ನೋಡಿ ಗಾಬರಿಯಾಗಿ, “ಟೀಚರ್, ಗಿಡಾ ಹುಳಾ ತಿಂದು ಹೋತು, ಔಷಧ ಹೊಡೀರಿ” ಅಂದಳು. ಅವಳನ್ನು ಕೂರಿಸಿಕೊಂಡು ಹುಳ ತೋರಿಸಿದೆ, ಕೋಶ ತೋರಿಸಿದೆ. ಬೋಳಾದ ಕೊಂಬೆ ಮಳೆ ಬಿದ್ದ ವಾರದಲ್ಲೇ ಮತ್ತೆ ಚಿಗುರಿದ್ದನ್ನು ಅವಳೇ ಬಂದು ನೋಡಿದಳು. ಎಲ್ಲ ಹುಳವೂ ಚಿಟ್ಟೆಯಾಗುವುದಿಲ್ಲ. ಪಿಕಳಾರ ಬೆಳಿಗ್ಗೆ ಬಂದು ಕೊಕ್ಕಿಗೆ ಸಿಕ್ಕಷ್ಟನ್ನು ಎತ್ತಿಕೊಂಡು ಮರಿಗಳಿಗೆ ಒಯ್ಯುತ್ತದೆ. ಹೂವಿನಲ್ಲಿ ಮಕರಂದ ಇಲ್ಲದಿದ್ದರೂ ಸೂರಕ್ಕಿ ಸಣ್ಣ ಜೇಡ, ನೊಣ ಹಿಡಿಯಲು ಗಿಡ ಹುಡುಕಿ ಬರುತ್ತದೆ. ಬುಡದ ನೆರಳಿನಲ್ಲಿ ಗೌಜಲ ಹಕ್ಕಿಗಳು ಮಣ್ಣು ಕೆದಕುತ್ತವೆ. ಟೆಕೋಮದ ಹೂ ಚೆಂದ, ಅದನ್ನು ನಾನು ಹಳಿಯುವುದಿಲ್ಲ. ಆದರೆ ಅದರ ಎಲೆಯನ್ನು ನಮ್ಮ ವಲಸೆ ಚಿಟ್ಟೆಯ ಮರಿಗೆ ಉಣಿಸಲಾಗುವುದಿಲ್ಲ, ಅಷ್ಟೇ ನನಗೆ ಮುಖ್ಯ. ಹಳದಿ ಹೂವಿನ ಆಸೆಗೆ ಹೊರಗಿನಿಂದ ತಂದ ಇನ್ನೊಂದು ಸೆನ್ನಾ, ಸೆನ್ನಾ ಸ್ಪೆಕ್ಟಾಬಿಲಿಸ್, ಬಂಡೀಪುರ, ನಾಗರಹೊಳೆಯ ಕಾಡಿನೊಳಗೆ ಹಬ್ಬಿ ಅಲ್ಲಿನ ಹುಲ್ಲು, ಗಿಡಗಳನ್ನು ಅದುಮಿ ನಿಂತಿದೆ. ಅದನ್ನು ಕಿತ್ತು ತೆಗೆಯಲು ಅರಣ್ಯ ಇಲಾಖೆ ಇಂದಿಗೂ ಒದ್ದಾಡುತ್ತಿದೆ. ನಮ್ಮದೇ ಸೆನ್ನಾ ಮನೆಬಾಗಿಲಲ್ಲೇ ಇರುವಾಗ ಅದರ ಅಗತ್ಯವೇ ಇರಲಿಲ್ಲ.

ಬಡಗಿ ದುಂಬಿಗೆ ಮಾತ್ರ ಹೂವಿದ್ದರೆ ಸಾಲದು, ಕೊರೆದು ಗೂಡು ಮಾಡಲು ಒಣಮರ ಬೇಕು. ಹಳೆಯ ಮನೆಯ ತೊಲೆಯೊಂದನ್ನು ಅಪ್ಪ ಹುಟ್ಟುವ ಮೊದಲೇ ಹಾಕಿದ್ದರಂತೆ. ಮನೆ ಕೆಡವಿದಾಗ ಅದನ್ನು ಸೌದೆಗೆ ಕೊಡದೆ ಹಿತ್ತಲ ಗೋಡೆಗೆ ಒರಗಿಸಿಟ್ಟೆ. ಈಗ ಅದರಲ್ಲಿ ಬೆರಳು ಹೋಗುವಷ್ಟು ದುಂಡನೆಯ ತೂತುಗಳಾಗಿವೆ, ಕೆಳಗೆ ಮರದ ಹುಡಿ ಬಿದ್ದಿರುತ್ತದೆ. ಬೆಳಗಿನ ಬಿಸಿಲು ಹೂವಿಗೆ ತಾಗುತ್ತಲೇ ದುಂಬಿ ಹೊರಡುತ್ತದೆ. ಹೂವಿನ ಮೇಲೆ ಕೂತಾಗ ಅದರ ಝೇಂಕಾರದ ದನಿ ಬದಲಾಗುವುದು ಕಟ್ಟೆಯ ಮೇಲೆ ಕೂತ ನನಗೆ ಸ್ಪಷ್ಟವಾಗಿ ಕೇಳಿಸುತ್ತದೆ.

ನೆರೆಮನೆಯಾಕೆಯಿಂದ ಸುರುವಾಗಿ ಈಗ ಓಣಿಯಲ್ಲಿ ಹಲವರು ಬೀಜ ಕೇಳಿಕೊಂಡು ಬರುತ್ತಾರೆ. ದೀಪಾವಳಿಗೆ ಹೂ ಬೇಕೆಂದು ಬರುವ ಹೆಂಗಸರೇ ಹೆಚ್ಚು, ಸಂತೆಯಲ್ಲಿ ಚೆಂಡುಹೂ ಸಿಗುತ್ತದೆ, ತಂಗಡಿ ಸಿಗುವುದಿಲ್ಲ. ಅವರಿಗೆ ಹೇಳುವುದನ್ನೇ ಇಲ್ಲಿಯೂ ಹೇಳುತ್ತೇನೆ. ಬೀಜದ ಸಿಪ್ಪೆ ಗಟ್ಟಿ, ಹಾಗೇ ಬಿತ್ತಿದರೆ ಏಳುವುದು ತಡ. ಕುದಿಸಿ ಇಳಿಸಿದ ನೀರನ್ನು ಬೀಜದ ಮೇಲೆ ಸುರಿದು ರಾತ್ರಿಯಿಡೀ ಬಿಟ್ಟು, ಬೆಳಿಗ್ಗೆ ಉಬ್ಬಿದವನ್ನು ಮಾತ್ರ ಆರಿಸಿಕೊಳ್ಳಿ. ಮಿರಗದ ಮಳೆ ಬಿದ್ದ ಮೇಲೆ, ಗಿಡ ಎಲ್ಲಿರಬೇಕೋ ಅಲ್ಲೇ ಊರಿಬಿಡಿ. ಕುಂಡದಲ್ಲಿ ಬೆಳೆಸಿ ಕಿತ್ತು ನೆಟ್ಟರೆ ತಾಯಿಬೇರಿಗೆ ಪೆಟ್ಟಾಗುತ್ತದೆ. ದಿನವಿಡೀ ಬಿಸಿಲು ಬೀಳುವ ಜಾಗ ಬೇಕು, ಗೊಬ್ಬರ ಬೇಡ, ಮೊದಲ ಬ್ಯಾಸಗಿ ದಾಟಿಸಿದರೆ ನೀರೂ ಬೇಡ. ನೀರು ನಿಲ್ಲುವ ತಗ್ಗಿನಲ್ಲಿ ಹಾಕಬೇಡಿ. ಹುಳ ಕಂಡರೆ ಮೂರು ವಾರ ತಡೆಯಿರಿ, ಯಾವ ಔಷಧವನ್ನೂ ಹೊಡೆಯಬೇಡಿ. ಗಿಡ ಬಹಳ ಹರಡಿತು ಅನ್ನಿಸಿದರೆ ಕಾಯಿ ಒಣಗಿದ ಮೇಲೆ, ಮಳೆಗಾಲಕ್ಕೆ ಮುಂಚೆ, ಗೇಣು ಬಿಟ್ಟು ಕೊಯ್ಯಿರಿ. ಬೀಜ ಬೇಕಾದವರು ಶಿವರಾತ್ರಿ ಕಳೆದ ಮೇಲೆ ಬನ್ನಿ, ಆ ಹೊತ್ತಿಗೆ ಕಾಯಿ ಒಣಗಿ ಗಿಲಕಿ ಹಾಗೆ ಗಲಗಲ ಅನ್ನುತ್ತಿರುತ್ತವೆ.